ಅರಿಸಿನದ ಮುಖಕ್ಕೆ ಬೆಳಕು

ಆಗ ನಮ್ಮ ಚನ್ನಪಟ್ಟಣದ ಬೀದಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಫೋಟೋ ತೆಗೆಯಬೇಕೆಂದರೆ ಸೂರ್ಯನ ಮರ್ಜಿ ಕಾಯಬೇಕಿತ್ತು. ಮೋಡ ಮುಚ್ಚಿದರೆ ಮನೆಯಲ್ಲಿ ವ್ಯಾಪಾರವಿಲ್ಲ, ಅಪ್ಪನ ಮುಖದಲ್ಲಿ ನಗುವಿಲ್ಲ. ನಿಮ್ಮ ಮನೆಯ ಗೋಡೆಯ ಮೇಲೂ ಕುರ್ಚಿಯ ಬೆನ್ನು ಹಿಡಿದು, ಕಣ್ಣು ಅಗಲಿಸಿಕೊಂಡು ನಿಂತ ಅಜ್ಜನೊಬ್ಬ ಇರಬಹುದು. ಆ ಅಜ್ಜ ಹೆದರುಪುಕ್ಕಲನೇನಲ್ಲ. ಅಲ್ಲಾಡಿದರೆ ಪಟ ಇಳಿಯುವ ಗಾಜಿನ ಪ್ಲೇಟು ಹಾಳು ಎಂದು ನಮ್ಮಪ್ಪನಂಥವರು ಯಾರೋ ಗದರಿಸಿದ್ದರು, ಅಷ್ಟೆ.

ಅಪ್ಪ ಬೆಂಗಳೂರಿನ ದಂಡಿನಲ್ಲಿ ಒಬ್ಬ ಬಿಳಿ ದೊರೆಯ ಹತ್ತಿರ ಫೋಟೋ ಕೆಲಸ ಕಲಿತು ಬಂದಿದ್ದ. ಹಿತ್ತಿಲ ಕೋಣೆಯ ಉತ್ತರದ ಮಾಡಿನ ಹೆಂಚು ತೆಗೆಸಿ ಗಾಜು ಹಾಕಿಸಿದ್ದ. ಆ ಗಾಜು ಹುಲ್ಲು ಸುತ್ತಿಸಿಕೊಂಡು ರೈಲಿನಲ್ಲಿ ಬಂದಿತ್ತಂತೆ. ಅದರ ಕೆಳಗೆ ಹಗ್ಗ ಎಳೆದರೆ ಸರಿಯುವ ಪರದೆಗಳು, ಬಿಳಿಯದೊಂದು ಕರಿಯದೊಂದು; ಪಕ್ಕದಲ್ಲಿ ಬಿದಿರಿನ ಚೌಕಟ್ಟಿಗೆ ಬಿಗಿದ ಬಿಳಿ ಪಂಚೆ. ಪ್ಲೇಟು ತೊಳೆಯುವ ಔಷಧಿಯ ಘಾಟು ಒಂದು ಕಡೆಯಾದರೆ, ಗೋಡೆಯಾಚೆ ಗೊಂಬೆ ಮಾಡುವ ಇಮಾಮ್ ಸಾಬರ ಕಾರ್ಖಾನೆಯಿಂದ ಬಿಸಿ ಅರಗಿನ ವಾಸನೆ ಇನ್ನೊಂದು ಕಡೆ. ಎರಡೂ ಬೆರೆತ ಆ ವಾಸನೆ ಈಗಲೂ ಎಲ್ಲಾದರೂ ಸಿಕ್ಕೀತೇ ಎಂದು ಮೂಗು ಹುಡುಕುತ್ತದೆ.

ಗಿರಾಕಿ ಬರುವ ಮೊದಲು ಬೆಳಕು ಹೊಂದಿಸಿಕೊಳ್ಳಲು ಅಪ್ಪನಿಗೆ ಒಂದು ಮುಖ ಬೇಕಿತ್ತು. ಆ ಮುಖ ನನ್ನದು. ಓರಗೆಯ ಹುಡುಗಿಯರು ಬೀದಿಯಲ್ಲಿ ಕುಂಟೇಬಿಲ್ಲೆ ಆಡುವಾಗ ನಾನು ಕುರ್ಚಿಯಲ್ಲಿ ಕೂತು ಹುರಿಗಡಲೆ ಅಗಿಯುತ್ತಿದ್ದೆ. ಅಗಿಯುವುದಕ್ಕೂ ಅಪ್ಪನ ಅಪ್ಪಣೆ ಬೇಕಾಗಿತ್ತು. ಆದರೆ ಶಾಲೆಯಲ್ಲಿ ಮಗ್ಗಿ ಹತ್ತದ ನನ್ನ ತಲೆಗೆ ಆ ಕುರ್ಚಿಯಲ್ಲಿ ಬೆಳಕು ಹತ್ತಿತು. ಮಾಡಿನಿಂದ ಇಳಿಯುವ ದೊಡ್ಡ ಬೆಳಕಿಗೆ ಅಪ್ಪ ಯಜಮಾನ ಎನ್ನುತ್ತಿದ್ದ. ಪಂಚೆಗೆ ತಾಗಿ ಹಿಂದಿರುಗುವ ಮೆತ್ತನೆಯ ಬೆಳಕು ಯಜಮಾನಿ. ಬೆನ್ನ ಹಿಂದಿನ ಕಿಟಕಿಯಿಂದ ಬಂದು ತಲೆಗೂದಲ ಮೇಲೆ ಕೂರುವುದು ನೆಂಟ.

“ಯಜಮಾನ ಒಬ್ನೇ ಜೋರು ಮಾಡುದ್ರೆ ಅರ್ಧ ಮುಖ ಕತ್ಲೆ ಕಣ್ ಮಗ. ಯಜಮಾನಿ ಬಂದು ಸಮಾಧಾನ ಮಾಡ್ಬೇಕು. ನೆಂಟ ಹಿಂದ್ಗಡೇನೇ ಇರ್ಬೇಕು, ಮುಂದಕ್ಕೆ ಬಂದ್ರೆ ಮನೆ ಕೆಟ್ಟೋಯ್ತದೆ,” ಎನ್ನುತ್ತಿದ್ದ. ಕಣ್ಣು ಮುಚ್ಚಿಸಿ, ಯಾವ ಕೆನ್ನೆ ಬೆಚ್ಚಗಿದೆ, ಯಾವುದು ತಣ್ಣಗಿದೆ ಎಂದು ಕೇಳುತ್ತಿದ್ದ. ಬೆಳಕಿನ ದಿಕ್ಕನ್ನು ನಾನು ಮೊದಲು ಚರ್ಮದಿಂದ ಕಲಿತೆ, ಆಮೇಲೆ ಕಣ್ಣಿನಿಂದ.

ಅಪ್ಪನ ಕಸುಬಿಗೆ ಒಂದೇ ಒಂದು ಶತ್ರು ಇತ್ತು, ಅದು ಅರಿಸಿನ. ಆ ಕಾಲದ ಪ್ಲೇಟಿಗೆ ನೀಲಿ ಬೆಳ್ಳಗೆ ಕಾಣುತ್ತಿತ್ತು, ಕೆಂಪು ಮತ್ತು ಹಳದಿ ಕಪ್ಪಾಗುತ್ತಿದ್ದವು. ನಮ್ಮ ಸೀಮೆಯ ಹೆಂಗಸರೋ, ಫೋಟೋ ಎಂದರೆ ಶುಭಕಾರ್ಯವೆಂದು ಎಂದಿಗಿಂತ ಹೆಚ್ಚು ಅರಿಸಿನ ಬಳಿದುಕೊಂಡು ಬರುತ್ತಿದ್ದರು. ಬಂಗಾರದ ಬಣ್ಣದ ಮದುವಣಗಿತ್ತಿ ಪಟದಲ್ಲಿ ಇದ್ದಿಲಾಗುತ್ತಿದ್ದಳು. ಮುಖ ತೊಳೆದು ಬನ್ನಿರಮ್ಮ ಎಂದರೆ ಜಗಳ, ತೊಳೆಯದಿದ್ದರೆ ಪಟ ಕೊಡುವಾಗ ಜಗಳ. ಅಪ್ಪನ ಕ್ಯಾಮೆರಾ ಪೆಟ್ಟಿಗೆ ಮುಖದ ಕಳೆ ಹೀರುತ್ತದೆ ಎಂದು ಕನಕಪುರದ ಸಂತೆಯವರೆಗೂ ಸುದ್ದಿಯಾಗಿತ್ತು.

ನಾನು ಹೇಳಹೊರಟಿರುವ ಬೇಸಿಗೆಯಲ್ಲಿ ಅವ್ವ ತುಂಬಿದ ಬಸುರಿ. ಹುಣಸೇಕಾಯಿಗೆ ಉಪ್ಪು ಸವರಿಕೊಂಡು ಚಪ್ಪರಿಸುತ್ತಿದ್ದಳು, ನನಗೂ ಒಂದು ತುಂಡು ಸಿಗುತ್ತಿತ್ತು. ಹೆರಿಗೆಗೆ ಮಾಗಡಿಯ ತವರಿಗೆ ಹೋಗಬೇಕು, ಸೋದರಮಾವ ಗಾಡಿ ತರುತ್ತಾನೆ ಎಂದು ಗೊತ್ತಾಗಿತ್ತು. ಹಿಂದಿನ ವರ್ಷ ಅವ್ವನ ಅಕ್ಕ, ನನ್ನ ದೊಡ್ಡವ್ವ, ಅದೇ ತವರಿನಲ್ಲಿ ಬಾಣಂತನದಲ್ಲಿ ತೀರಿಕೊಂಡಿದ್ದಳು. ಅವಳ ಕೂಸಿಗೆ ತಾಯಿಯ ಮುಖ ತೋರಿಸಲು ಒಂದು ಪಟವೂ ಇರಲಿಲ್ಲ. ಊರವರ ಮುಖವನ್ನೆಲ್ಲ ಪ್ಲೇಟಿಗಿಳಿಸಿದ ಅಪ್ಪನ ಹತ್ತಿರ ಸ್ವಂತ ಹೆಂಡತಿಯ ಪಟವೂ ಇರಲಿಲ್ಲ. ಗಾಡಿ ಬರುವುದರೊಳಗೆ ಅದು ಆಗಬೇಕೆಂದು ಅವನು ಹಠ ಹಿಡಿದ. ಯಾಕೆ ಎಂದು ಅವನು ಹೇಳಲಿಲ್ಲ, ಅವ್ವ ಕೇಳಲೂ ಇಲ್ಲ. ಏನೂ ಅರಿಯದ ವಯಸ್ಸಿನ ನನಗೂ ಅದು ಗೊತ್ತಿತ್ತು.

ಒಮ್ಮೆ ಮುಖ ತೊಳೆದು ಕೂರು ಎಂದು ಅಪ್ಪ ಮೆಲ್ಲಗೆ ಕೇಳಿದ. ಅವ್ವ ಒಪ್ಪಲಿಲ್ಲ. ಅರಿಸಿನ ಕಪ್ಪಾಗುವುದೆಂದರೆ ಅವಳಿಗೆ ನಂಬಿಕೆಯೂ ಇರಲಿಲ್ಲ. ಪಟ ಕೆಟ್ಟದ್ದಕ್ಕೆ ಗಂಡ ಹೇಳುವ ನೆಪವೆಂದೇ ತಿಳಿದಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮ ಮುಂದೆಯೇ ನಗೆಯಾಡುತ್ತಿದ್ದಳು. ಆಗ ಅಪ್ಪ ಇಮಾಮ್ ಸಾಬರ ಅಂಗಡಿಯಿಂದ ಹಳದಿ ಗಿಣಿ, ನೀಲಿ ಆನೆ, ಕೆಂಪು ಬುಗುರಿ ತಂದು ಸಾಲಾಗಿಟ್ಟು ಒಂದು ಪ್ಲೇಟು ತೆಗೆದ. ಪಟದಲ್ಲಿ ಗಿಣಿ ಕಾಗೆಯಾಗಿತ್ತು, ಆನೆ ಐರಾವತವಾಗಿತ್ತು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ನೋಡಿ, ಅಪ್ಪನ ಕೈಗೆ ಹಿಂದಕ್ಕೆ ಕೊಟ್ಟಳು.

“ಕರ್ರಗೆ ಬಂದ್ರೆ ಬರ್ಲಿ ಕಣ್ರೀ. ನೀವು ಮನಸ್ನಾಗೆ ಏನ್ ಇಟ್ಕೊಂಡು ಕೇಳ್ತಿದೀರಿ ಅಂತ ನಂಗೂ ಗೊತ್ತು. ಈ ಹೊತ್ನಾಗೆ ನಾನು ಅರಿಸ್ನ ತೊಳ್ಕಳಾಕಿಲ್ಲ.”

ಅಪ್ಪ ಆಮೇಲೆ ಆ ಮಾತು ಎತ್ತಲಿಲ್ಲ. ಮುಖವನ್ನು ಬದಲಾಯಿಸಲಾಗದಿದ್ದರೆ ಬೆಳಕನ್ನು ಬದಲಾಯಿಸಬೇಕು ಎಂದು ಹೊರಟ. ಅವ್ವನನ್ನು ದಣಿಸುವಂತಿಲ್ಲ, ಹಾಗಾಗಿ ಅರಿಸಿನ ಬಿದ್ದದ್ದು ನನ್ನ ಮುಖಕ್ಕೆ. ಅವ್ವನೇ ತನ್ನ ಕೈಯಾರೆ ಹಚ್ಚಿ, ಮೂಗಿನ ಪಕ್ಕ ಬಿಟ್ಟುಹೋದರೆ ಮತ್ತೆ ಸವರಿ, ಕಳಿಸುತ್ತಿದ್ದಳು. ಹಳದಿ ಮುಖ ಹೊತ್ತು ಶಾಲೆಗೂ ಹೋಗಿ, ಕಾಮಾಲೆ ಎಂದು ಕರೆಸಿಕೊಂಡೆ.

ಮೊದಲ ಪ್ಲೇಟಿನಲ್ಲಿ ಮುಖ ಕಾಣಲಿ ಎಂದು ಅಪ್ಪ ಕ್ಯಾಮೆರಾದ ಕಣ್ಣಿನ ಮುಚ್ಚಳವನ್ನು ಹೆಚ್ಚು ಹೊತ್ತು ತೆರೆದಿಟ್ಟ. ನನ್ನ ಬಿಳಿ ಲಂಗ ಪಟದಲ್ಲಿ ಬರೀ ಬೆಳಕಾಗಿ ಉರಿದುಹೋಗಿ ಕರಿಯ ತಲೆಯೊಂದು ಗಾಳಿಯಲ್ಲಿ ನಿಂತಿತ್ತು. ಬಿಳಿ ಬೇಡ, ಅವ್ವನಿಗೆ ಕಡುಗೆಂಪು ಸೀರೆಯಾಗಬೇಕು ಎಂದು ಗೊತ್ತಾಯಿತು. ಮುಂದಿನದರಲ್ಲಿ ಯಜಮಾನನನ್ನು ಜೋರು ಮಾಡಿದ. ಕೆನ್ನೆ ಬಂತು, ಕಣ್ಣಿನ ಜಾಗದಲ್ಲಿ ಹಳ್ಳ ಬಂತು. ಗಾಜಿನ ಕೋಣೆಯ ಬೆಳಕು ಈ ಮುಖಕ್ಕೆ ಸಾಲದು ಎಂದು ಕೊನೆಗೆ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಮಾವನ ಗಾಡಿ ಬಂದು ಬೀದಿಯಲ್ಲಿ ನಿಂತಿತ್ತು. ಎತ್ತುಗಳು ಹುಲ್ಲು ಮೇಯುತ್ತಿದ್ದವು, ಬಿಸಿಲು ಏರುವುದರೊಳಗೆ ಹೊರಡಬೇಕೆಂದು ಮಾವ ಅವಸರ ಮಾಡುತ್ತಿದ್ದ.

ಅಪ್ಪ ಕುರ್ಚಿಯನ್ನೂ ಕ್ಯಾಮೆರಾವನ್ನೂ ಅಂಗಳಕ್ಕೆ ತಂದ. ನೇರ ಬಿಸಿಲು ಕಣ್ಣು ಕುಕ್ಕೀತೆಂದು ಮೇಲೆ ತೆಳು ಪಂಚೆಯ ಚಪ್ಪರ ಕಟ್ಟಿದ. ಮನೆಯಲ್ಲಿದ್ದ ಬಿಳಿ ಬಟ್ಟೆಯೆಲ್ಲ ಹೊರಬಂತು. ಇಮಾಮ್ ಸಾಬರ ಮನೆಯಾಕೆ ಹಬ್ಬದೂಟಕ್ಕೆ ಹಾಸುವ ದೊಡ್ಡ ಬಿಳಿ ಬಟ್ಟೆ ಕಳಿಸಿದರು, ಅದನ್ನು ಅವ್ವನ ಕಾಲ ಬಳಿ ಹಾಸಿದರು. ಒಂದು ಪಂಚೆಯನ್ನು ಮಾವ ಹಿಡಿದ, ಎತ್ತು ಹೊಡೆಯುವವನ ಕೈಗೆ ಬೆಳಕು ಕೊಟ್ಟರಲ್ಲ ಎಂದು ಗೊಣಗುತ್ತ. ಇನ್ನೊಂದನ್ನು ನಾನು ಹಿಡಿದೆ. ಅಪ್ಪ ಕ್ಯಾಮೆರಾದ ಹಿಂದೆ ಕರಿ ಬಟ್ಟೆಯೊಳಗೆ ತಲೆ ತೂರಿಸಿ ಕ್ಯಾಮೆರಾ ಹೊಂದಿಸುವುದರಲ್ಲಿ ಮುಳುಗಿದ್ದರಿಂದ ಪಂಚೆಯನ್ನು ಎಷ್ಟು ವಾಲಿಸಬೇಕೆಂದು ಹೇಳುವವರಿರಲಿಲ್ಲ. ನಾನೇ ವಾಲಿಸಿದೆ. ಅವ್ವನ ಕಣ್ಣ ಕೆಳಗಿನ ಕತ್ತಲೆ ಕರಗಿ ಕಣ್ಣಿನೊಳಗೆ ಒಂದು ಚುಕ್ಕಿ ಮೂಡುವವರೆಗೆ ವಾಲಿಸಿ, ಅಲ್ಲೇ ನಿಲ್ಲಿಸಿದೆ. ಕರಿ ಬಟ್ಟೆಯೊಳಗಿನಿಂದ ಅಪ್ಪ, “ಹಂಗೇ ಇರು ಮಗ, ಯಜಮಾನಿ ಬಂದ್ಬುಟ್ಳು,” ಎಂದ. ನನ್ನ ಜನ್ಮದಲ್ಲಿ ಅದಕ್ಕಿಂತ ದೊಡ್ಡ ಬಿರುದು ನನಗೆ ಯಾರೂ ಕೊಟ್ಟಿಲ್ಲ.

ಅಪ್ಪ ಬಟ್ಟೆಯಿಂದ ಹೊರಬಂದು, ಪ್ಲೇಟು ಕೂರಿಸಿ, ಮುಚ್ಚಳ ತೆಗೆದ. ಅವ್ವ ಉಸಿರು ಹಿಡಿದಳು, ಮಾವ ಹಿಡಿದ, ನಾನೂ ಹಿಡಿದೆ. ಮುಚ್ಚಳ ಹಾಕುವುದಕ್ಕೆ ಇನ್ನು ಒಸಿ ಹೊತ್ತಿದೆ ಎನ್ನುವಾಗ ಅವ್ವನ ಕೈ ತೊಡೆಯಿಂದ ಎದ್ದು ಹೊಟ್ಟೆಗೆ ಹೋಯಿತು. ಅಪ್ಪ ಮುಚ್ಚಳ ಹಿಡಿದುಕೊಂಡೇ ಅಯ್ಯೋ ಎಂದ. ಅವ್ವ ಅಪರಾಧಿಯ ಮುಖ ಮಾಡಿಕೊಂಡು, “ಒದೀತು ಕಣ್ರೀ,” ಎಂದಳು. ಇನ್ನೊಂದು ಪ್ಲೇಟಿಗೆ ಹೊತ್ತಿರಲಿಲ್ಲ. ಗಾಡಿ ಹೊರಟಿತು.

ಅದೇ ದಿನ ಅಪ್ಪ ಪ್ಲೇಟು ತೊಳೆದ. ಮರುದಿನ ಅಚ್ಚಿನ ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿ, ಇಬ್ಬರೂ ಅದರ ಪಕ್ಕ ಕುಕ್ಕುರುಗಾಲಿನಲ್ಲಿ ಕೂತೆವು. ಮೆಲ್ಲಗೆ ಸೀರೆ ಬಂತು, ಆಮೇಲೆ ಮುಖ. ಕಪ್ಪಾಗಿರಲಿಲ್ಲ. ಅರಿಸಿನವಿದ್ದೂ ಅವ್ವ ಅವ್ವನಂತೆಯೇ ಇದ್ದಳು, ಕಣ್ಣಿನಲ್ಲಿ ಚುಕ್ಕಿಯಿತ್ತು. ಒಂದು ಕೈ ಮಾತ್ರ ಹೊಟ್ಟೆಯ ಮೇಲೆ ಮಂಜಾಗಿತ್ತು. ಅಪ್ಪ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಅತ್ತ. ಗಂಡಸರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವ್ವ ನನ್ನ ತಮ್ಮನನ್ನು ಎತ್ತಿಕೊಂಡು ಸುಖವಾಗಿ ಹಿಂದಿರುಗಿದಳು. ಪಟದಲ್ಲಿ ತನ್ನ ಮೊದಲ ಒದೆ ಇದೆ ಎಂದು ಅವನು ದೊಡ್ಡವನಾದ ಮೇಲೂ ಜಂಬ ಕೊಚ್ಚುತ್ತಿದ್ದ.

ಈಗ ಆ ಗಾಜಿನ ಮಾಡಿಲ್ಲ. ರಾಮನಗರದ ಬಂಡೆಗಳ ನಡುವೆ ಸಿನಿಮಾದವರು ಬಂದಿದ್ದಾಗ ನೋಡಲು ಹೋಗಿದ್ದೆ. ಮನೆಯಷ್ಟೆತ್ತರದ ದೀಪಗಳು, ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳು. ಹಲಗೆ ಹಿಡಿದ ಹುಡುಗ ಅದನ್ನು ವಾಲಿಸಿದ ರೀತಿ ನೋಡಿ ನನ್ನ ಕೈ ತಾನಾಗಿ ಎದ್ದಿತು. ಈಗಿನ ಫಿಲ್ಮು ಹಳದಿಯನ್ನು ಹಳದಿಯಾಗಿಯೇ ನೋಡುತ್ತದಂತೆ. ಅದಕ್ಕೆ ತೋರಿಸಲು ಅರಿಸಿನದ ಮುಖಗಳೇ ಈಗ ಬೀದಿಯಲ್ಲಿ ಕಾಣುವುದಿಲ್ಲ. ಇದು ವಯಸ್ಸಾದವಳ ಗೊಣಗಾಟ ಎಂದರೆ, ಹೌದು, ಗೊಣಗಾಟವೇ.

ಅಪ್ಪ ಹೋದಾಗ ಕೋಣೆ ಇನ್ನೂ ಇತ್ತು, ಕ್ಯಾಮೆರಾ ನನ್ನ ಕೈಗೆ ಬಂದಿತ್ತು. ಕರ್ಮಾಂತರ ಮುಗಿದು ನೆಂಟರೆಲ್ಲ ಊರು ಸೇರಿದ ಮೇಲೆ, ಒಂದು ಬೆಳಿಗ್ಗೆ ಅವ್ವ ತಾನಾಗಿ ಬಂದು ಕುರ್ಚಿಯಲ್ಲಿ ಕುಳಿತಳು. ಹಣೆ ಬರಿದು, ಕೆನ್ನೆ ಬರಿದು.

“ತಗಿ ಮಗ. ನಿಮ್ಮಪ್ಪ ಅವತ್ತು ಕೇಳಿದ್ರಲ್ಲ, ಮುಖ ತೊಳ್ದಿವ್ನಿ.”

ಅಭ್ಯಾಸಬಲದಿಂದ ನಾನು ಪಂಚೆಯ ಚೌಕಟ್ಟನ್ನು ಎಳೆದುಕೊಂಡೆ. ಬೇಕಾಗಲಿಲ್ಲ. ಆ ಮುಖಕ್ಕೆ ಇದ್ದ ಬೆಳಕೇ ಸಾಕಾಯಿತು.