ಮಾಲ್ಟಾದ ಲಂಗರು, ಶಿರೂರಿನ ಲಂಗರು

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಮಾಲ್ಟಾಕ್ಕೆ ಪ್ರವಾಸ ಹೋದವನು ಒಂದು ಫೋಟೊ ಕಳಿಸಿದ. ಗಾಜಿನ ಪೆಟ್ಟಿಗೆಯೊಳಗೆ ಸೀಸದ ದಪ್ಪ ತುಂಡು. ಸಮುದ್ರದ ತಳದಿಂದ ಎತ್ತಿದ ಪುರಾತನ ಲಂಗರಿನದು. ‘ಸರ್, ನೀವು ಪಾಠದಲ್ಲಿ ನಗೆಯಾಡುತ್ತಿದ್ದಿರಲ್ಲ, ಅಂಥದ್ದೇ’ ಎಂದು ಕೆಳಗೆ ಬರೆದಿದ್ದ. ಹೌದು ಮಾರಾಯ್ರೆ, ನಗೆಯಾಡುತ್ತಿದ್ದೆ.

ಆಗ ನಾನು ಕುಂದಾಪುರದಲ್ಲಿ ಚರಿತ್ರೆಯ ಮಾಷ್ಟ್ರು. ಊರಂಚಿನ ಕಡಲ ದಡದ ಕೋಡಿಯಲ್ಲಿ ನಮ್ಮ ಪಕ್ಕದ ಮನೆ ಸಿಸಿಲಿ ಬಾಯಿಯವರದ್ದು. ಅವರ ಅಪ್ಪ ಹಾಯಿದೋಣಿ ನಡೆಸಿದವರು. ಹಾಗಾಗಿಯೋ ಏನೋ, ಬೈಬಲ್ಲಿನಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟ ಸಂತ ಪೌಲನ ಹಡಗು ಒಡೆದ ಕಥೆ. ಕೈದಿಯಾಗಿ ರೋಮಿಗೆ ಹೊರಟ ಪೌಲ, ಎರಡು ವಾರದ ಬಿರುಗಾಳಿ, ಹಗ್ಗ ಇಳಿಬಿಟ್ಟು ಅಳೆದರೆ ನೀರು ಮೊದಲು ಇಪ್ಪತ್ತು ಮಾರು, ಆಮೇಲೆ ಹದಿನೈದು. ಬಂಡೆಗೆ ಬಡಿಯುವ ಹೆದರಿಕೆಗೆ ನಾಲ್ಕು ಲಂಗರು ಬಿಟ್ಟರು. ಬೆಳಕು ಹರಿದ ಮೇಲೆ ಆ ಹಗ್ಗಗಳನ್ನೇ ಕೊಯ್ದು, ಹಡಗನ್ನು ಮಾಲ್ಟಾದ ದಡಕ್ಕೆ ನುಗ್ಗಿಸಿದರು.

“ಹಡಗ್ ಹೋಯ್ತ್ ಮಾಷ್ಟ್ರೆ, ಜನ ಎಲ್ಲ ಉಳ್ಕಂಡ್ರ್” ಎಂದು ಬಾಯಿ ಪ್ರತಿ ಸಲವೂ ಹೊಸ ಸುದ್ದಿ ಎಂಬಂತೆ ಮುಗಿಸುತ್ತಿದ್ದರು.

“ಪುರಾವೆ ಎಲ್ಲಿತ್ತ್ ಬಾಯಿ?” ಇದು ನನ್ನ ಪಲ್ಲವಿ. ಅಲ್ಲಿ ಮುಳುಗುಗಾರರಿಗೆ ಲಂಗರುಗಳು ಸಿಕ್ಕಿದ್ದನ್ನೂ, ಅವು ಪೌಲನ ಹಡಗಿನವೆಂದು ವಿದ್ವಾಂಸರು ಒಪ್ಪದಿದ್ದುದನ್ನೂ ನಾನು ಓದಿಕೊಂಡಿದ್ದೆ. ಅರ್ಧ ತುಂಬಿದ ಕೊಡ, ತುಳುಕದೆ ಇರುತ್ತದೆಯೇ?

ಒಂದು ದಿನ ನನ್ನ ತಮ್ಮ ರಘು ಇನ್ನಿಬ್ಬರೊಡನೆ ದೋಣಿಯಲ್ಲಿ ಮೀನಿಗೆ ಹೋದವನು ಗಾಳಿ ಎದ್ದು ಮರಳಲೇ ಇಲ್ಲ. ಫೋನೂ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಬಡಗಿನ ಶಿರೂರಿನ ಪರಿಚಯದವರೊಬ್ಬರು ಅಲ್ಲಿಯ ಕಡಲಿನ ಒಂದು ಫೋಟೊ ಕಳಿಸಿದರು. ನೀರ ಮೇಲೆ ಖಾಲಿ ಕ್ಯಾನು, ಅದಕ್ಕೆ ಬಿಗಿದ ಲಂಗರಿನ ಹಗ್ಗದ ತುದಿ. ಕ್ಯಾನಿನ ಮೇಲೆ ರಘುವೇ ಕೆಂಪು ಬಣ್ಣದಲ್ಲಿ ಬರೆದ ದೋಣಿಯ ಹೆಸರು. ದೋಣಿ ಮಾತ್ರ ಇಲ್ಲ.

ಒಳಗೆ ಅಮ್ಮ ಅವನಿಗೆಂದು ಗಂಜಿ ಬೇಯಿಸುತ್ತಿದ್ದಳು. ಅವಳಿಗೆ ಹೇಗೆ ಹೇಳಲಿ? ಬೇಲಿ ದಾಟಿ ಬಾಯಿಯವರ ಜಗಲಿಯಲ್ಲಿ ಕೂತು, ಕಣ್ಣೊರೆಸಿಕೊಳ್ಳುತ್ತಾ ಫೋನ್ ಚಾಚಿದೆ. ಅವರು ಬಂಗುಡೆ ಕೊಯ್ಯುತ್ತಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು, ಕನ್ನಡಕ ಏರಿಸಿ, ಫೋಟೊ ನೋಡಿದರು.

“ಹ್ವಾಯ್ ಮಾಷ್ಟ್ರೆ, ಎಂತಕ್ಕೆ ಮರ್ಕುದ್? ಹಗ್ಗದ ತುದಿ ಕಾಣಿ. ತುಂಡಾದ್ದಲ್ಲ, ಕತ್ತಿಯಲ್ಲಿ ಕೊಯ್ದದ್. ಮುಳ್ಗುವವ ಕ್ಯಾನ್ ಕಟ್ಟುಕೆ ಕೂಕಂತ್ನಾ? ನಾಳೆ ಬಂದ್ ಲಂಗ್ರ್ ತಕಂಡ್ ಹೋಪುಕೆ ಗುರ್ತ ಇಟ್ಟದ್ ಅದ್. ದಡಕ್ಕೆ ಹೊಡ್ಸಿರ್ ಅವ್ರ್.”

ಪುರಾವೆ ಪುರಾವೆ ಎಂದು ಬಾಯಿ ಬಡಿದುಕೊಂಡವನಿಗೆ ಕೈಯಲ್ಲೇ ಇದ್ದ ಪುರಾವೆ ಓದಲು ಬಂದಿರಲಿಲ್ಲ. ಆದರೂ ಪೂರ್ತಿ ನಂಬಿಕೆ ಬಾರದೆ ಅಲ್ಲೇ ಕುಳಿತಿದ್ದೆ. ಮಧ್ಯಾಹ್ನ ಯಾರದೋ ನಂಬರಿನಿಂದ ಫೋನ್ ಬಂತು. “ಅಣ್ಣಾ, ದೋಣಿ ಒಡ್ದ್ ಹೋಯ್ತ್. ಮೂರ್ ಜನಕ್ಕೂ ಎಂತ ಆಯ್ಲಿಲ್ಲ.” ನಾನು ಗೊಳೋ ಎಂದು ಅತ್ತೆ, ಬಾಯಿ ನಕ್ಕರು.

ಆ ಲಂಗರು ಶಿರೂರಿನ ಸಮುದ್ರದಲ್ಲೇ ಉಳಿಯಿತು. ತರಲು ಹೊರಟ ರಘುವನ್ನು ಅಮ್ಮ ಬಿಡಲಿಲ್ಲ. “ಮಗ ಮನಿಗ್ ಬಂದ, ಸಾಕ್” ಎಂದಳು.

ಮೊನ್ನೆ ರಘು ಗಂಜಿ ಉಣ್ಣುತ್ತಾ ಎಡಗೈಯಲ್ಲಿ ನನ್ನ ಫೋನ್ ಹಿಡಿದು ಮಾಲ್ಟಾದ ಫೋಟೊ ನೋಡಿದ. ಯಾವ ಕಾಲದ್ದು, ಯಾರ ಹಡಗಿನದ್ದು ಎಂದೆಲ್ಲ ಕೇಳಲಿಲ್ಲ.

“ಅಣ್ಣಾ, ಇವ್ರ್ ದಡ ಸೇರಿರಾ?” ಎಂದ.

“ಸೇರಿರ್, ಎಲ್ರೂ” ಎಂದೆ.