ಅಂಗಳದ ಸುಣ್ಣದ ಗೆರೆ

ಕಳೆದ ಸೋಮವಾರ, ಬೆಳಿಗ್ಗೆ ಹತ್ತೂವರೆ. ಚಾಮರಾಜನಗರದ ಆಸ್ಪತ್ರೆ, ನ್ಯೂರಾಲಜಿ ಕೊಠಡಿ. ಇದ್ದವರು ಡಾಕ್ಟರಮ್ಮ, ನನ್ನ ಹೆಂಡತಿ ಶಿವಮ್ಮ, ಭೀಮನಬೀಡಿನಿಂದ ಬಂದಿದ್ದ ಅವಳ ಅಣ್ಣ ನಂಜಪ್ಪ, ನಾನು. ಜೀನ್ ಟೆಸ್ಟಿನ ರಿಪೋರ್ಟ್ ಮೇಜಿನ ಮೇಲಿತ್ತು.

ಅದನ್ನು ಬಿಡಿಸುವ ಮೊದಲು ಡಾಕ್ಟರಮ್ಮ ನೆಲದ ಟೈಲ್ಸ್ ಗೆರೆ ತೋರಿಸಿ, ಒಂದು ಪಾದಕ್ಕೆ ಇನ್ನೊಂದು ಪಾದ ತಾಗಿಸಿ ನಡೆಯಲು ಹೇಳಿದರು. ಮೂರನೇ ಹೆಜ್ಜೆಗೆ ಶಿವಮ್ಮ ವಾಲಿದಳು. ಕೈಗಳು ತಮ್ಮಷ್ಟಕ್ಕೆ ಕುಣಿದವು.

“ದಿನಾ ಬೆಳಿಗ್ಗೆ ನಮ್ ಮೇಷ್ಟ್ರು ಇಂಗೇ ನಡುಸ್ತಾರೆ ಮೇಡಂ. ಎರಡು ವರ್ಸಾಯ್ತು, ಒಂದಿನಾನೂ ಪಾಸಾಗ್ನಿಲ್ಲ,” ಎಂದು ನಕ್ಕಳು.

ಡಾಕ್ಟರಮ್ಮ ನಗಲಿಲ್ಲ. ನನ್ನನ್ನು ನೋಡಿದರು.

ನಾನು ಗುಂಡ್ಲುಪೇಟೆಯಲ್ಲಿ ಹೈಸ್ಕೂಲ್ ಪಿ.ಟಿ. ಮೇಷ್ಟ್ರಾಗಿದ್ದವನು. ಅವಳು ಲೋಟ ಬೀಳಿಸತೊಡಗಿದಾಗ, ನಡಿಗೆ ತಪ್ಪಿದಾಗ, ಅಶಿಸ್ತು ಎಂದುಕೊಂಡೆ. ಮೈದಾನದಲ್ಲಿ ಎಳೆಯುವಂತೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆದೆ. ಆರು ಗಂಟೆಗೆ ಇಪ್ಪತ್ತು ಸಲ. ತಪ್ಪಿದರೆ ಮತ್ತೆ ಮೊದಲಿನಿಂದ. ಡಾಕ್ಟರಮ್ಮ ಒಂದು ನಿಮಿಷ ಮಾಡಿದ ಪರೀಕ್ಷೆಯನ್ನೇ ನಾನು ಎರಡು ವರ್ಷ ಮಾಡಿದ್ದೆ. ಫಲಿತಾಂಶ ತಿಳಿಯದೆ ಶಿಕ್ಷೆ ಕೊಟ್ಟಿದ್ದೆ.

ರಿಪೋರ್ಟಿನಲ್ಲಿದ್ದ ಹೆಸರು ಹಂಟಿಂಗ್ಟನ್ಸ್.

ಜೀನಿನ ದೋಷದಿಂದ ಒಂದು ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಮಿದುಳಿನ ಕೋಶಗಳಲ್ಲಿ ಗಂಟುಗಟ್ಟುತ್ತದೆ, ಕೋಶಗಳು ನಿಧಾನವಾಗಿ ಸಾಯುತ್ತವೆ, ಕೈಕಾಲಿನ ಕುಣಿತ ತಗ್ಗಿಸಲು ಮಾತ್ರೆ ಇದೆ, ರೋಗವನ್ನು ನಿಲ್ಲಿಸಲು ಇಲ್ಲ ಎಂದರು ಡಾಕ್ಟರಮ್ಮ. “ಮನೆತನದಲ್ಲಿ ಯಾರಿಗಾದರೂ ಹೀಗಿತ್ತಾ?”

ನಂಜಪ್ಪ ಕಿಟಕಿಯತ್ತ ನೋಡಿದರು. “ಅವ್ವಂಗಿತ್ತು. ಅವ್ವನ ಅಪ್ಪಂಗೂ ಇತ್ತು.”

“ಅವ್ವಂಗೆ ಬಾಣಂತನದ ಸನ್ನಿ ಅಂತ ನಂಗೆ ಏಳಿದ್ರಲ್ಲಣ್ಣ,” ಎಂದಳು ಶಿವಮ್ಮ.

ನಮ್ಮ ಮದುವೆಯ ದಿನ ಅತ್ತೆಗೆ ಜ್ವರವೆಂದು ಒಳಕೋಣೆಯಲ್ಲಿ ಮಲಗಿಸಿದ್ದರು. ವರ್ಷದೊಳಗೆ ತೀರಿಕೊಂಡರು. ಅವರು ನಡೆಯುವುದನ್ನು ನಾನು ನೋಡಲೇ ಇಲ್ಲ, ನೋಡದಂತೆ ಮಾಡಿದ್ದರು.

“ಮಕ್ಕಳಿಗೆ?” ಎಂದೆ.

“ಬರುವ ಸಾಧ್ಯತೆ ಅರ್ಧಕ್ಕರ್ಧ.”

ನಮಗೆ ಒಬ್ಬಳೇ ಮಗಳು, ನಂದಿನಿ. ಕುದೇರಿನ ಹುಡುಗನೊಂದಿಗೆ ಮದುವೆ ಗೊತ್ತಾಗಿದೆ.

ಹೊರಗೆ ಬಂದ ಕೂಡಲೇ ನಂಜಪ್ಪ ನನ್ನನ್ನು ಪಕ್ಕಕ್ಕೆ ಕರೆದರು. “ಮದ್ವೆ ಮುಗೀಲಿ ಬುಡಿ ಮೇಷ್ಟ್ರೇ, ಆಮೇಲೆ ಏಳನ. ನಿಮ್ಗೂ ಏಳ್ನಿಲ್ಲ. ಸಂಸಾರ ನಡೀನಿಲ್ವಾ?”

“ನಡೆಯಿತು. ಗೊತ್ತಿದ್ದರೆ ನಿಮ್ಮ ತಂಗಿ ಬಿದ್ದರೂ ಬಿಡದೆ ನಡೆಸುತ್ತಿರಲಿಲ್ಲ.”

ಗುಂಡ್ಲುಪೇಟೆ ಬರುವವರೆಗೂ ಬಸ್ಸಿನಲ್ಲಿ ನನ್ನ ಸಿಟ್ಟು ಇಳಿಯಲಿಲ್ಲ. ನಂಜಪ್ಪನವರ ಮೇಲೆ ಇದ್ದದ್ದು ಒಂದು ಪಾಲು. ಮದುವೆ ಮುಗಿಯಲಿ ಎಂಬ ಅವರ ಮಾತು ಒಂದು ಗಳಿಗೆ ನನಗೂ ಸರಿ ಎನಿಸಿತಲ್ಲ, ಉಳಿದದ್ದೆಲ್ಲ ಅದಕ್ಕೆ.

ಮೂರು ಗಂಟೆಗೆ ನಂದಿನಿಯನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳು ಅಂಗಳದತ್ತ ನೋಡಿದಳು.

“ಟೆಸ್ಟ್ ಮಾಡಿಸ್ಬೇಕೋ ಬೇಡ್ವೋ ನಾನು ಯೋಚ್ನೆ ಮಾಡ್ಬೇಕು. ಕುದೇರಿಗೆ ನಾನೇ ಫೋನ್ ಮಾಡ್ತೀನಿ. ನೀವು ಮೊದ್ಲು ಆ ಗೆರೆ ಅಳಿಸಿ, ಅಪ್ಪ.”

ಅವಳು ಫೋನ್ ಹಿಡಿದು ಒಳಗೆ ಹೋದಳು. ನಾನು ಮೂರು ಬಕೆಟ್ ನೀರು, ತೆಂಗಿನ ನಾರು ತೆಗೆದುಕೊಂಡು ಅಂಗಳಕ್ಕೆ ಇಳಿದೆ. ವರ್ಷಗಟ್ಟಲೆ ಬಳಿದ ಸುಣ್ಣ, ಸುಲಭಕ್ಕೆ ಬಿಡಲಿಲ್ಲ. ಶಿವಮ್ಮ ಜಗಲಿಯಲ್ಲಿ ಕುಳಿತಿದ್ದಳು.

“ನಾಳೆಯಿಂದ ರಜಾನಾ ಮೇಷ್ಟ್ರೇ?”

“ರಜಾ.”

“ಅಲ್ಲೊಸಿ ಉಳ್ಕಂಡದೆ.”

ತೋರಿಸಿದ ಬೆರಳು ಒಂದೆಡೆ ನಿಲ್ಲಲಿಲ್ಲ. ಅದು ಓಡಾಡಿದ ಕಡೆಯೆಲ್ಲ ಉಜ್ಜಿದೆ. ಆರೂಕಾಲಿಗೆ ಅಂಗಳ ಸ್ವಚ್ಛವಾಯಿತು.