ಆಟದ ಅಕ್ಕೋರ ಸೊಟ್ಟ ಬೆರಳು

ನಮ್ಮ ಆಟದ ಅಕ್ಕೋರ ಬಲಗೈಯ ಉಂಗುರಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ವಾಲಿಬಾಲು ಬಡಿದೂ ಬಡಿದೂ ಆದದ್ದು. ಉಳಿದ ಬೆರಳುಗಳೆಲ್ಲ ಮಡಚಿದರೂ ಅದೊಂದು ಮಾತ್ರ ಸಿಟ್ಟಿಗೆದ್ದ ಅಳಿಯನ ಹಾಗೆ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ಆ ಬೆರಳಿಗೆ ಉಂಗುರ ಏರುತ್ತಿರಲಿಲ್ಲ. ಊಟಕ್ಕೆ ಕೂತರೆ ಸಾರು ಆ ಸಂದಿಯಿಂದಲೇ ಸೋರುತ್ತಿತ್ತು. ಮೈದಾನದಲ್ಲಿ ಕೈ ಚಾಚಿ "ಏ, ನೀ ಬಾ ಇಲ್ಲೆ" ಅಂದರೆ ಯಾರನ್ನು ಕರೆದರೆಂದು ತಿಳಿಯದೆ ಇಬ್ಬರು ಓಡಿ ಹೋಗುತ್ತಿದ್ದೆವು. ಇಬ್ಬರೂ ಬೈಸಿಕೊಳ್ಳುತ್ತಿದ್ದೆವು.

ಜಮಖಂಡಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡದ ಅಕ್ಕೋರು, ಗಣಿತದ ಅಕ್ಕೋರು ಇದ್ದ ಹಾಗೆ ಇವರು ಆಟದ ಅಕ್ಕೋರು. ನಾನು ಬನಹಟ್ಟಿಯ ನೇಕಾರರ ಮಗಳು, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಎತ್ತರ ಇದ್ದೆ, ತೋಳಿನಲ್ಲಿ ಕಸುವಿತ್ತು, ಬಾಯಿಯಂತೂ ಕೇಳಲೇಬೇಡಿ. ಅಕ್ಕೋರು ಮೊದಲ ದಿನವೇ ನನ್ನ ಕೈಗೆ ಚೆಂಡು ಕೊಟ್ಟು, "ಬಾಯಿ ಎಷ್ಟ ಜೋರ ಐತೆಲ್ಲ, ಅಷ್ಟ ಜೋರ ಹೊಡಿ" ಅಂದರು. ಹೀಗೆ ನಾನು ತಂಡದ ಸ್ಮ್ಯಾಶರ್ ಆದೆ.

ಅವರ ತಂಡಕ್ಕೆ ಒಂದೇ ಒಂದು ನಿಯಮವಿತ್ತು. ಯಾರಿಂದ ತಪ್ಪಾಯಿತೋ ಅವರು, ಇನ್ನೊಬ್ಬರು ಬಾಯಿ ತೆರೆಯುವುದಕ್ಕಿಂತ ಮೊದಲೇ ಕೈ ಎತ್ತಬೇಕು. ಕೈ ಎತ್ತಿದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಬಸ್ಸಿನಲ್ಲಾಗಲಿ, ಊಟದಲ್ಲಾಗಲಿ, ವರ್ಷ ಕಳೆದ ಮೇಲಾಗಲಿ ಯಾರೂ ಅದನ್ನು ಕೆದಕಬಾರದು. "ಕೈ ಎತ್ತಿದಾಕಿನ್ನ ಮತ್ತ ಅಂದ್ರಿ ಅಂದ್ರ ನನ್ನ ತಂಡದಾಗ ಜಾಗಾ ಇಲ್ಲ" ಅನ್ನುತ್ತಿದ್ದರು. ಬಾಯಿಬಡಕಿಯಾದ ನಾನು ಕೂಡ ಈ ನಿಯಮ ಮುರಿಯಲಿಲ್ಲ. ಸುಳ್ಳೇಕೆ, ಅದರಷ್ಟು ಸುಖದ ನಿಯಮವನ್ನು ನಾನು ಗಂಡನ ಮನೆಯಲ್ಲೂ ಕಾಣಲಿಲ್ಲ.

ಹತ್ತನೆಯ ತರಗತಿಯಲ್ಲಿದ್ದಾಗ ಮುಧೋಳದ ಹುಡುಗಿಯರ ಜೊತೆ ಫೈನಲ್ಲು ಬಿತ್ತು. ಕೊನೆಯ ಗೇಮು ಸಮಸಮ ನಡೆದಿದ್ದಾಗ ಚೆಂಡು ಎತ್ತಿಕೊಡುವ ನಮ್ಮ ಲಿಫ್ಟರ್ ಹುಡುಗಿಯ ಕಾಲು ಹಿಡಿದುಕೊಂಡಿತು. ಅಕ್ಕೋರು ಆಟ ನಿಲ್ಲಿಸಿ ನನ್ನ ಕಡೆ ತಿರುಗಿದರು. "ನೀ ಇನ್ನ ಲಿಫ್ಟ್ ಮಾಡು. ರೇಣುಕಾ ಹೊಡೀಲಿ." ನನಗೆ ಸಿಡಿಲು ಹೊಡೆದಂತಾಯಿತು. ನಾನು ಹೊಡೆಯುವವಳು, ಎತ್ತಿಕೊಡುವ ರೂಢಿ ನನಗೆಲ್ಲಿಯದು? ರೇಣುಕಾಳಿಗೆ ನನ್ನ ಕೈ ಗೊತ್ತಿಲ್ಲ, ನನಗೆ ಅವಳ ನೆಗೆತ ಗೊತ್ತಿಲ್ಲ. ಸೋತೆವು. ನಾನು ಅಂಗಳದ ಅಂಚಿನಲ್ಲಿ ಮೊಣಕಾಲಿಗೆ ಮುಖ ಹಚ್ಚಿ ಅತ್ತೆ.

ಸೋತದ್ದನ್ನು ನಾನು ಎರಡು ದಿನಕ್ಕೆ ಮರೆತೆ. ಮರೆಯಲಾಗದ್ದು ಬೇರೆ. ಇಷ್ಟು ದೊಡ್ಡ ನಿಯಮ ಮಾಡಿದ ಅಕ್ಕೋರು ಅವತ್ತು ತಾವು ಕೈ ಎತ್ತಲಿಲ್ಲವಲ್ಲ! ಬಸ್ಸಿನಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಟೀಚರಾದರೆ ನಿಯಮವಿಲ್ಲವೇ ಎಂದು ನಾನು ಒಳಗೊಳಗೇ ಕುದಿದೆ. ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಮುಂದೆ ಜಮಖಂಡಿಗೇ ಮದುವೆಯಾಗಿ ಬಂದೆ. ಗಂಡನ ಜೊತೆ ಸೀರೆ ಅಂಗಡಿಯಲ್ಲಿ ಕೂತೆ. ಅಕ್ಕೋರು ಇಳಕಲ್ಲು ಸೀರೆಗೆಂದು ಬರುವರು, ಸೆರಗು ಹಿಡಿದು ನೋಡುವರು, ಮಕ್ಕಳನ್ನು ವಿಚಾರಿಸುವರು. ಅವರ ಮೇಲೆ ನನಗೆ ಪ್ರೀತಿ ಇತ್ತು, ಇಲ್ಲವೆಂದರೆ ನಾಲಿಗೆ ಬಿದ್ದೀತು. ಆದರೆ ಆ ಸೊಟ್ಟ ಬೆರಳು ಕಂಡಾಗಲೆಲ್ಲ, ಈ ಕೈ ಅವತ್ತು ಮೇಲೆ ಏಳಲಿಲ್ಲ ಅನಿಸುತ್ತಿತ್ತು.

ನಿವೃತ್ತಿಯಾದ ಮೇಲೆ ಅಕ್ಕೋರ ಮೊಣಕಾಲು ಕೈಕೊಟ್ಟವು. ಮದುವೆಯಾಗದ ಅವರ ಜೊತೆ ತಮ್ಮನ ಮನೆಯವರಿದ್ದರು. ತಮ್ಮನ ಮಗ ಅತ್ತೆಗೆ ಹೊತ್ತು ಹೋಗಲೆಂದು ಗೋಡೆಯ ತುಂಬ ಒಂದು ಟಿವಿ ತಂದು ಹಾಕಿದ. ಸೋಮವಾರ ನಮ್ಮ ಅಂಗಡಿಗೆ ರಜೆ. ಅಂಥದೊಂದು ಮುಂಜಾನೆ ನಾನು ಹೋದಾಗ ಅಕ್ಕೋರು ಕಾಲ ಕೆಳಗೆ ದಿಂಬು ಇಟ್ಟುಕೊಂಡು ಟಿವಿಯಲ್ಲಿ ಮುಳುಗಿದ್ದರು. ತೆರೆಯ ಮೇಲೆ ಶಿರಸ್ತ್ರಾಣ ಹಾಕಿದ ಗೂಳಿಯಂಥ ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

"ಬಂದ್ಯಾ? ಕುಂದ್ರು ಕುಂದ್ರು. ಇದು ಅಮೆರಿಕಾದ ಫುಟ್‌ಬಾಲ್ ಅಂತ. ಕಾಲಿಲೆ ಒದ್ಯಾಂಗಿಲ್ಲ, ಚೆಂಡ ಗುಂಡಗಿಲ್ಲ. ಏನ ಮಾಡಾಕತ್ತಾರ ಅನ್ನೂದ ತಿಳೀವಲ್ದು. ನಿನಗರ ತಿಳೀತೈತೇನ ನೋಡು."

ನನಗೇನು ತಿಳಿಯುತ್ತದೆ, ಕರ್ಮ! ಹಾಲು ಹಾಕಲು ಬಂದ ಕಾಶವ್ವನೂ ಚರಿಗೆ ಕೆಳಗಿಟ್ಟು ಬಾಗಿಲಲ್ಲೇ ಕೂತಳು. ಅವಳು ಕುರಿಗಾರರ ಮನೆಯ ಹೆಣ್ಣುಮಗಳು. ಹರೆಯದಲ್ಲಿ ಹಿಂಡಿನ ಹಿಂದೆ ತುಬಚಿ ಊರಿನ ಆಚೆ, ಹೊಳೆಯ ದಂಡೆಯವರೆಗೆ ನಡೆದವಳು. ತೆರೆಯ ಮೇಲೆ ಆಟಗಾರರು ಗುಂಪಾಗಿ ತಲೆ ಬಗ್ಗಿಸಿ ನಿಂತದ್ದನ್ನು ಕಂಡು ಹಣೆಯ ಭಂಡಾರ ಮುಟ್ಟಿಕೊಂಡಳು. "ತಮ್ಮ ದೇವ್ರು ಬೀರಪ್ಪನ್ನ ನೆನಸಾಕತ್ತಾರ ಬಿಡ್ರಿ. ಭಕ್ತಿ ಛಲೋ ಐತಿ."

"ಭಕ್ತಿ ಅಲ್ಲ ಕಾಶವ್ವಾ" ಅಂದರು ಅಕ್ಕೋರು, ತೆರೆಯಿಂದ ಕಣ್ಣು ಕೀಳದೆ. "ನಡುವ ನಿಂತಾಂವ ಒಬ್ಬನ ಮಾತಾಡಾಕತ್ತಾನ ನೋಡು. ಮುಂದಿನ ಚೆಂಡು ಯಾರಿಗೆ ಅಂತ ಹೇಳಾಕತ್ತಾನ." ಒಂದು ಗಳಿಗೆ ಬಿಟ್ಟು ಕೂತಲ್ಲೇ ಚಪ್ಪಾಳೆ ಹೊಡೆದರು. "ಏ ಹುಡುಗೀ! ಅಂವ ಲಿಫ್ಟರ್ ಅದಾನ!"

ಆ ಲಿಫ್ಟರನಿಗೆ ಅಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆಂದು ತಮ್ಮನ ಮಗ ಹೇಳಿದ. ಎಲ್ಲರ ಹಿಂದೆ ನಿಂತು, ಮೈಮೇಲೆ ಬರುವವರನ್ನು ಲೆಕ್ಕಿಸದೆ, ಓಡುವ ತನ್ನವನ ಕೈಗೆ ಚೆಂಡು ಮುಟ್ಟಿಸುವುದು ಅವನ ಕೆಲಸ. ಅಲ್ಲಿಂದ ನಮ್ಮ ಸೋಮವಾರಗಳು ಹಾಳಾದವು. ಹಳೆಯ ಆಟ, ಹೊಸ ಆಟ, ಸಿಕ್ಕಿದ್ದನ್ನೆಲ್ಲ ಹುಡುಗ ಹಾಕಿಕೊಡುತ್ತಿದ್ದ. ಇವರೆಲ್ಲರಲ್ಲಿ ಎಲ್ಲಾ ಕಾಲಕ್ಕೂ ದೊಡ್ಡವ ಯಾರು ಎಂದು ನಾವು ಮೂವರು ಹೆಂಗಸರು ಕಚ್ಚಾಡುತ್ತಿದ್ದೆವು. ಸೋತವರು ಎಲ್ಲರಿಗೂ ಚುರಮರಿಯ ಗಿರಮಿಟ್ ತರಿಸಬೇಕು. ಹೆಸರುಗಳು ನಾಲಿಗೆಗೆ ಒಗ್ಗಲಿಲ್ಲ, ಮುಖ ಕಾಣುತ್ತಿರಲಿಲ್ಲ. ಆದ್ದರಿಂದ ನಾವೇ ನಾಮಕರಣ ಮಾಡಿದೆವು. ಬಹಳ ಕಪ್ ಗೆದ್ದವ ಸಾವಕಾರ, ಅವನು ನನ್ನವ. ಸಿಕ್ಕದೆ ನುಣುಚಿ ತಾನೇ ಓಡುವವ ಜಿಂಕಿ, ಅವನು ಕಾಶವ್ವನವ. "ಅಂವ ಓಡಿದ್ರೂ ಹಿಂದ ಹೊಳ್ಳಿ ನೋಡತಾನ್ರಿ. ಹಿಂಡ ಬಿಟ್ಟ ಓಡೂದಿಲ್ಲ" ಎನ್ನುವುದು ಅವಳ ವಾದ.

ಅಕ್ಕೋರಿಗೆ ಮಾತ್ರ ಯಾರೂ ಪಸಂದಾಗಲಿಲ್ಲ. ನಾನು ಸಾವಕಾರನ ಕಪ್ಪುಗಳನ್ನು ಎಣಿಸಿದರೆ, "ಅವನ ಮುಂದ ಗ್ವಾಡಿ ಹಂಗ ನಿಂತು ಪೆಟ್ಟ ತಿಂದವರ ಹೆಸರ ಹೇಳು ನೋಡೂಣು" ಅನ್ನುವರು. ಅವರು ಚೆಂಡು ಎಸೆಯುವುದನ್ನು ನೋಡುವುದಕ್ಕಿಂತ ಎಸೆದ ಮೇಲೆ ಅವನೇನು ಮಾಡುತ್ತಾನೆ ಎಂಬುದನ್ನು ಹೆಚ್ಚು ನೋಡುತ್ತಿದ್ದರು. "ಇನ್ನೊಮ್ಮಿ ಹಚ್ಚೋ" ಎಂದು ಹುಡುಗನ ಜೀವ ತಿನ್ನುತ್ತಿದ್ದರು.

ಒಬ್ಬನಿದ್ದ, ಹಳೆಯ ಕಾಲದವ. ಎಸೆದ ಚೆಂಡು ಎಷ್ಟೋ ಸಲ ಎದುರಾಳಿಯ ಕೈಗೇ ಹೋಗುತ್ತಿತ್ತು. ಹೋದ ಕೂಡಲೇ ತನ್ನವರ ಕಡೆ ತಿರುಗಿ ಅಂಗೈಯಿಂದ ಎದೆ ತಟ್ಟಿಕೊಳ್ಳುತ್ತಿದ್ದ. ನಮಗೆ ನಗುವೋ ನಗು. ಎದೆ ತಟ್ಟುವುದೆಂದರೆ ನಮ್ಮಲ್ಲಿ ಪೈಲ್ವಾನರು ಗೆದ್ದಾಗ ಮಾಡುವ ಕೆಲಸ.

"ಚೆಂಡ ಮಂದಿಗೆ ಕೊಟ್ಟು ಎದಿ ತಟ್ಟತಾನಲ್ರೀ ಈ ಮಳ್ಳ!" ಅಂದೆ ನಾನು.

"ನಾಚಿಕಿಲ್ಲದಾಂವ" ಅಂದಳು ಕಾಶವ್ವ.

ಅಕ್ಕೋರು ನಗಲಿಲ್ಲ. ಮುಂದಿನ ವಾರಗಳಲ್ಲಿ ಅವನ ಆಟಗಳನ್ನೇ ಹುಡುಕಿಸಿ ಹಾಕಿಸಿದರು. ಒಂದು ಮುಂಜಾನೆ ನಾನು ಚಪ್ಪಲಿ ಬಿಡುವುದರೊಳಗೆ ಕರೆದರು. "ತಿಳೀತು ಬಾ! ಗೆದ್ದಾಗ ಅಂವ ಎದಿ ಮುಟ್ಟೂದ ಇಲ್ಲ. ತಪ್ಪಿದಾಗಷ್ಟ ತಟ್ಟತಾನ. ನಂದ ತಪ್ಪು, ನಿಮ್ಮದಲ್ಲ ಅಂತ ತನ್ನ ಮಂದಿಗೆ ಹೇಳಾಕತ್ತಾನ. ನಾವು ಕೈ ಎತ್ತತಿದ್ವಿ, ಅಂವ ಎದಿ ತಟ್ಟತಾನ. ಎಲ್ಲಾರಕಿಂತ ದೊಡ್ಡಾಂವ ಇವನ. ಗಿರಮಿಟ್ ತರಸು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದದ್ದು, ಯಾವನೋ ಅಮೆರಿಕದವನ ನೆಪದಲ್ಲಿ ಬಾಯಿಗೆ ಬಂದುಬಿಟ್ಟಿತು.

"ಹಂಗಾದ್ರ ಅವತ್ತ ನೀವ್ಯಾಕ ಕೈ ಎತ್ತಲಿಲ್ಲರೀ ಅಕ್ಕೋರ?"

"ಎಂದ?"

"ಮುಧೋಳದವರ ಫೈನಲ್‌ದಾಗ. ನನ್ನ ಲಿಫ್ಟರ್ ಮಾಡಿದ್ರೆಲ್ಲ. ಸೋತ್ವೆಲ್ಲ. ನಿಯಮ ನಮಗಷ್ಟ ಇತ್ತೇನ್ರಿ?"

ಕಾಶವ್ವ ಚರಿಗೆ ಹಿಡಿದವಳು ಹಾಗೇ ನಿಂತಳು. ಅಕ್ಕೋರು ಟಿವಿಯ ದನಿ ಸಣ್ಣ ಮಾಡಿಸಿ ನನ್ನ ಮುಖವನ್ನೇ ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ದೊಡ್ಡದೊಂದು ಆಶ್ಚರ್ಯವಿತ್ತು.

"ಎತ್ತಿದ್ದೆನಲ್ಲೇ!" ಅಂದರು. "ಕಡೀ ಸೀಟಿ ಹೊಡದ ಕೂಡಲೇ ಎತ್ತಿದ್ದೆ. ರೇಣುಕಾ ನೋಡಿದ್ಲು, ಎಲ್ಲಾರೂ ನೋಡಿದ್ರು. ನೀ ನೋಡಲಿಲ್ಲೇನ?"

ನಾನು ನೋಡಿರಲಿಲ್ಲ. ಮೊಣಕಾಲಿಗೆ ಮುಖ ಹಚ್ಚಿ ಅಳುತ್ತಿದ್ದವಳು ಏನು ನೋಡಿಯೇನು? ಕೈ ಎತ್ತಿ ಆದ ಮೇಲೆ ಮಾತು ಮುಗಿಯಿತಲ್ಲ, ನಿಯಮದಂತೆ ಬಸ್ಸಿನಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತರು. ರೇಣುಕಾ ಹೇಳಲಿಲ್ಲ. ಅಕ್ಕೋರು ಹೇಳಲಿಲ್ಲ. ನಾನು ಆ ಸುಮ್ಮನಿರುವಿಕೆಯನ್ನೇ ಸೊಕ್ಕು ಎಂದು ತಿಳಿದು ತಲೆ ನರೆಯುವವರೆಗೆ ಹೊತ್ತುಕೊಂಡು ತಿರುಗಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

"ಯಾಕ ಬದಲ್ ಮಾಡಿದ್ರಿ ಅದನ್ನರ ಹೇಳ್ರಿ" ಅಂದೆ, ಮೂಗು ಒರೆಸಿಕೊಂಡು.

"ಚೆಂಡ ಹೊಡ್ಯಾಕ ತೋಳ ಸಾಕು. ಎತ್ತಿ ಕೊಡಾಕ ಕಣ್ಣ ಬೇಕು. ಯಾರು ದಣದಾರ, ಯಾರು ಅಂಜ್ಯಾರ, ಎಲ್ಲಾ ನಿನಗ ಕಾಣತಿತ್ತು. ನೀ ಹುಟ್ಟಾ ಲಿಫ್ಟರ್ ಇದ್ದಿ. ಆದ್ರ ಅದನ್ನ ಸಾಲಿ ಮೈದಾನದಾಗ ಮೊದಲ ಕಲಿಸಬೇಕಾಗಿತ್ತು. ಫೈನಲ್‌ದಾಗ ಕಲಿಸಾಕ ಹೋದೆ. ಅದು ನಂದ ತಪ್ಪು. ನಿನಗ ಕಾಣಲಿಲ್ಲ ಅಂದ್ರ ಲೆಕ್ಕಕ್ಕ ಬರೂದಿಲ್ಲ ಬಿಡು."

ಹಾಗಂದವರೇ ದಿಂಬಿಗೆ ಒರಗಿದ್ದಲ್ಲಿಂದ ನೆಟ್ಟಗೆ ಕೂತು ಬಲಗೈ ಮೇಲೆತ್ತಿದರು. ನಾಲ್ಕು ಬೆರಳು ಜಂತಿಯ ಕಡೆ, ಸೊಟ್ಟ ಬೆರಳೊಂದು ನನ್ನ ಕಡೆ.

ಬಾಗಿಲಲ್ಲಿದ್ದ ಕಾಶವ್ವನಿಗೆ ತಲೆಬುಡ ತಿಳಿಯಲಿಲ್ಲ. "ಯಾರನ್ನ ಕರ್ಯಾಕತ್ತೀರಿ ಅಕ್ಕೋರ?" ಅಂದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳಿಗೆ ನಿಯಮವನ್ನು ಅಕ್ಕೋರೇ ಬಿಡಿಸಿ ಹೇಳಿದರು. ಅವತ್ತಿನ ಗಿರಮಿಟ್ಟಿನ ವಿಷಯ ಮಾತ್ರ ನಾನು ಜಾರಿಸಿಬಿಟ್ಟೆ. ಸಾವಕಾರನೇ ದೊಡ್ಡವ ಎಂದು ಪಟ್ಟು ಹಿಡಿದೆ. ಅಕ್ಕೋರು ಹೋಗುವವರೆಗೂ ನಮ್ಮ ವಾದ ಬಗೆಹರಿಯಲಿಲ್ಲ.

ಅಕ್ಕೋರು ಹೋದದ್ದು ಚಳಿಗಾಲದಲ್ಲಿ, ನಿದ್ದೆಯಲ್ಲೇ. ಸುದ್ದಿ ತಿಳಿದು ಮುಧೋಳ, ಬೀಳಗಿ, ಮಹಾಲಿಂಗಪುರಗಳಿಂದ ಹಳೆಯ ಹುಡುಗಿಯರು ಬಂದರು. ಕೆಲವರು ಅಜ್ಜಿಯರಾಗಿದ್ದರು. ಅಕ್ಕೋರಿಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿ, ಕೈ ಜೋಡಿಸಿದ್ದರು. ಜೋಡಿಸಿದ ಕೈಗಳಲ್ಲೂ ಆ ಬೆರಳು ಹೊರಗೇ ಇತ್ತು. ಯಾರೋ ಹೆಂಗಸು ಅದನ್ನು ಒಳಗೆ ಮಡಚಲು ನೋಡಿದಳು. "ಬಿಡ್ರಿ, ಅದು ಹಂಗ ಇರೂದು" ಎಂದು ರೇಣುಕಾ ಮತ್ತು ನಾನು ಒಟ್ಟಿಗೇ ಅಂದೆವು.

ಈಗ ಸೋಮವಾರ ಕಾಶವ್ವ ನಮ್ಮ ಮನೆಗೆ ಬರುತ್ತಾಳೆ. ನನ್ನ ಫೋನಿನ ಸಣ್ಣ ತೆರೆಯಲ್ಲಿ ಇಬ್ಬರೂ ತಲೆಗೆ ತಲೆ ಹಚ್ಚಿ ನೋಡುತ್ತೇವೆ. ಅಕ್ಕೋರು ಹೋದ ಮೇಲಿನ ಮೊದಲ ಸೋಮವಾರ, ನಿನ್ನೆ ಮೊನ್ನೆ ಬಂದ ಎಳೆಯ ಹುಡುಗನೊಬ್ಬ ಚೆಂಡನ್ನು ಎದುರಾಳಿಯ ಕೈಗೆ ಕೊಟ್ಟ. ಕೊಟ್ಟು, ತನ್ನವರ ಕಡೆ ತಿರುಗಿ ಎದೆ ತಟ್ಟಿಕೊಂಡ.

"ಅಕ್ಕೋರ ಕಡೆ ಹುಡುಗ" ಅಂದಳು ಕಾಶವ್ವ.

ನಾನು ಎದ್ದು ಒಳಗೆ ಹೋಗಿ ಚುರಮರಿ ಕಲಸಿ, ಗಿರಮಿಟ್ ಮಾಡಿ ತಂದು ಅವಳ ಮುಂದಿಟ್ಟೆ. ಕಾಶವ್ವ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. "ಇವತ್ತ ಯಾರೂ ವಾದಾನ ಮಾಡಿಲ್ಲಲ್ರಿ ಬಾಯಾರ. ಸೋತವ್ರ ಯಾರು?"

ನಾನು ಕೈ ಎತ್ತಿದೆ.

ಕಾಶವ್ವನಿಗೆ ಈಗ ನಿಯಮ ಗೊತ್ತು. ಆ ಮಾತು ಅಲ್ಲಿಗೇ ಬಿಟ್ಟಳು. ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಉಳ್ಳಾಗಡ್ಡಿ ಕಮ್ಮಿ ಆಗೈತಿ" ಅಂದಳು.